ಹೃದಯ ಮರಳಿ ಬಡಿದ ಮೇಲೆ: ಮಾನ್ಮತ್ ಜಂಕ್ಷನ್ ಸುತ್ತಮುತ್ತಲ ಒಂದು ವೈದ್ಯ ಇತಿಹಾಸ

ಹೃದಯಸ್ತಂಭನಕ್ಕೆ ಸಿಕ್ಕಿ ಬದುಕಿ ಉಳಿದವರ ಮೆದುಳಿನ ಗತಿ ಏನಾಗುತ್ತದೆ ಎಂಬ ವಿಚಾರಣೆ ವೈದ್ಯಶಾಸ್ತ್ರದಲ್ಲಿ ತಡವಾಗಿ ಶುರುವಾಯಿತು. ನಿಂತ ಹೃದಯವನ್ನು ಮತ್ತೆ ನಡೆಸುವ ವಿದ್ಯೆ 1960ರ ಹೊತ್ತಿಗೆ ಕೈಗೆ ಬಂದಿತ್ತು. ಹಾಗೆ ಮರಳಿ ಬಂದವರಲ್ಲಿ ನೆನಪು, ಗಮನ, ಯೋಚನೆಯ ಚುರುಕು ಎಷ್ಟು ಉಳಿದಿದೆ ಎಂದು ಗಂಭೀರವಾಗಿ ಅಳೆಯತೊಡಗಿದ್ದು ಬಹುಮಟ್ಟಿಗೆ 1990ರ ದಶಕದಲ್ಲಿ. ನಡುವಿನ ಮೂವತ್ತು ವರ್ಷ ವೈದ್ಯರು, ನ್ಯಾಯಾಲಯಗಳು, ಶಾಸನಸಭೆಗಳು ಮೆದುಳಿನ ಬಗ್ಗೆ ಕೇಳುತ್ತಿದ್ದುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಅದು ಬದುಕಿದೆಯೋ, ಇಲ್ಲವೋ? ಈ ಇತಿಹಾಸದ ಆಶ್ಚರ್ಯಕರವೆನಿಸುವಷ್ಟು ಘಟ್ಟಗಳು ನಡೆದದ್ದು ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್‌ನ ಆಸುಪಾಸಿನಲ್ಲಿ, ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ ಮತ್ತು ಅದರ ನೆರೆಯ ನ್ಯೂಯಾರ್ಕ್ ನಗರದಲ್ಲಿ.

ಮಾನ್ಮತ್ ಜಂಕ್ಷನ್ ಸೌತ್ ಬ್ರನ್ಸ್‌ವಿಕ್ ಟೌನ್‌ಶಿಪ್‌ನ ಒಂದು ಭಾಗ. ಹೆಸರೇ ಹೇಳುವಂತೆ ರೈಲಿನಿಂದ ಹುಟ್ಟಿದ ಊರು. ಟ್ರೆಂಟನ್‌ನಿಂದ ನ್ಯೂಬ್ರನ್ಸ್‌ವಿಕ್ ಕಡೆ ಹೋಗುವ ಮುಖ್ಯ ಹಳಿಗೆ ಜೇಮ್ಸ್‌ಬರ್ಗ್, ಫ್ರೀಹೋಲ್ಡ್ ಕಡೆಯ ಕವಲು ಹಳಿ ಬಂದು ಸೇರುತ್ತಿದ್ದ ಜಾಗವಿದು. ಸುತ್ತ ಆಲೂಗಡ್ಡೆ ಹೊಲಗಳಿದ್ದವು. 1950ರ ದಶಕದಲ್ಲಿ ಪಕ್ಕದ ಕೆಂಡಾಲ್ ಪಾರ್ಕ್‌ನಲ್ಲಿ ಸಾಲುಮನೆಗಳೆದ್ದ ಮೇಲೆ ಹೊಲಗಳು ಬಡಾವಣೆಗಳಾಗುತ್ತ ಹೋದವು. ಈಗ ರೈಲುಗಳು ಈ ಜಂಕ್ಷನ್ನಿನಲ್ಲಿ ನಿಲ್ಲುವುದಿಲ್ಲ, ಸದ್ದು ಮಾಡುತ್ತ ಹಾದುಹೋಗುತ್ತವೆ ಅಷ್ಟೆ. ರೂಟ್ 1 ಹೆದ್ದಾರಿಯ ಉದ್ದಕ್ಕೂ ಔಷಧ ಮತ್ತು ಸಾಫ್ಟ್‌ವೇರ್ ಕಂಪನಿಗಳು ಬಂದವು. ಅವುಗಳ ಜೊತೆಗೆ ಭಾರತೀಯರು, ಅವರಲ್ಲಿ ಸಾಕಷ್ಟು ಕನ್ನಡಿಗರು, ಬಂದು ನೆಲೆಸಿದರು.

ಪ್ರಥಮ ಚಿಕಿತ್ಸೆಯ ಕಥೆಯೂ ಇಲ್ಲಿ ರೈಲಿನಿಂದಲೇ ಆರಂಭವಾಗುತ್ತದೆ. ಇದೇ ಹಳಿಯ ಮೇಲಿನ ನ್ಯೂಬ್ರನ್ಸ್‌ವಿಕ್‌ನಲ್ಲಿ 1886ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಶುರುವಾಯಿತು. ಎರಡೇ ವರ್ಷದಲ್ಲಿ, ಅಂದರೆ 1888ರಲ್ಲಿ, ಅದು ರೈಲ್ವೆ ಕೆಲಸಗಾರರಿಗಾಗಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನು ಮಾರಾಟಕ್ಕೆ ತಂದಿತು. ಆಸ್ಪತ್ರೆಗಳಿಂದ ದೂರ, ಹಳಿಯ ಮೇಲೆ ಕೈಕಾಲು ಜಜ್ಜಿಸಿಕೊಂಡವರಿಗೆ ಜೊತೆಗಾರರೇ ಪಟ್ಟಿ ಕಟ್ಟಲಿ ಎಂಬುದು ಉದ್ದೇಶ. ವೈದ್ಯ ಬರುವ ತನಕ ಸಾಮಾನ್ಯನೊಬ್ಬ ಏನಾದರೂ ಮಾಡಬಹುದು, ಮಾಡಬೇಕು ಎಂಬ ತಿಳಿವಳಿಕೆ ಬೇರೂರಿದ್ದು ಹೀಗೆ. 1920ರ ದಶಕದ ಕೊನೆಯಲ್ಲಿ ವರ್ಜೀನಿಯಾದ ರೋನೋಕ್‌ನಲ್ಲಿ, ಬಹುತೇಕ ಅದೇ ಹೊತ್ತಿಗೆ ನ್ಯೂಜೆರ್ಸಿಯ ಕಡಲತಡಿಯ ಬೆಲ್ಮಾರ್‌ನಲ್ಲಿ, ಸಂಬಳವಿಲ್ಲದ ಸ್ವಯಂಸೇವಕರ ಜೀವರಕ್ಷಣಾ ಪಡೆಗಳು ಹುಟ್ಟಿಕೊಂಡವು. ನ್ಯೂಜೆರ್ಸಿಯಲ್ಲಿ ಈ ‘ಫಸ್ಟ್ ಏಡ್ ಸ್ಕ್ವಾಡ್’ಗಳು ಊರೂರಿಗೆ ಹಬ್ಬಿದವು. ಮಾನ್ಮತ್ ಜಂಕ್ಷನ್‌ಗೂ ಒಂದು ಸ್ಕ್ವಾಡ್ ಬಂತು. ಅಂಗಡಿಯವರು, ರೈತರು, ಮೇಷ್ಟರುಗಳು ಸೈರನ್ ಕೂಗಿದೊಡನೆ ಊಟ ಬಿಟ್ಟೆದ್ದು ಓಡುವ ಪದ್ಧತಿ ಅದು.

ಆದರೆ ಆ ಕಾಲದ ಸ್ವಯಂಸೇವಕರ ಕೈಯಲ್ಲಿ ಹೃದಯ ನಿಂತವನಿಗೆ ಕೊಡುವಂಥದ್ದು ಏನೂ ಇರಲಿಲ್ಲ. ರೋಗಿಯನ್ನು ಬೋರಲು ಮಲಗಿಸಿ ಬೆನ್ನು ಒತ್ತುವ ಷೇಫರ್ ಪದ್ಧತಿ, ತೋಳುಗಳನ್ನು ಎತ್ತಿ ಇಳಿಸುವ ಹೋಲ್ಗರ್ ನೀಲ್ಸನ್ ಪದ್ಧತಿ, ಆಮ್ಲಜನಕದ ಯಂತ್ರ. ಇವೆಲ್ಲ ನೀರಲ್ಲಿ ಮುಳುಗಿದವರಿಗೆ, ವಿಷಗಾಳಿ ಕುಡಿದವರಿಗೆ ಒಂದಿಷ್ಟು ನೆರವಾಗುತ್ತಿದ್ದವೇ ಹೊರತು, ರಕ್ತ ಹರಿಯುವುದೇ ನಿಂತವರಿಗಲ್ಲ.

ದಾರಿ ತೆರೆದದ್ದು ವಿದ್ಯುತ್ತು. ಮಿಡ್ಲ್‌ಸೆಕ್ಸ್ ಕೌಂಟಿಯ ಮೆನ್ಲೊ ಪಾರ್ಕ್‌ನಲ್ಲಿ, ಈಗ ಎಡಿಸನ್ ಎಂದು ಕರೆಯುವ ಟೌನ್‌ಶಿಪ್‌ನಲ್ಲಿ, ಥಾಮಸ್ ಎಡಿಸನ್ 1879ರಲ್ಲಿ ತನ್ನ ಬಲ್ಬು ಉರಿಸಿ ತೋರಿಸಿದ. ಐವತ್ತು ವರ್ಷ ಕಳೆಯುವಷ್ಟರಲ್ಲಿ ತಂತಿ ಹತ್ತಿದ ಲೈನ್‌ಮನ್‌ಗಳು ಶಾಕ್ ಹೊಡೆದು ಸಾಯುವುದು ವಿದ್ಯುತ್ ಕಂಪನಿಗಳಿಗೆ ದೊಡ್ಡ ತಲೆನೋವಾಗಿತ್ತು. ಕಂಪನಿಗಳು ಕೊಟ್ಟ ಹಣದಿಂದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಕೌವೆನ್‌ಹೋವನ್ ಎಂಬ ಎಂಜಿನಿಯರ್ ದಶಕಗಳ ಕಾಲ ಸಂಶೋಧನೆ ನಡೆಸಿದರು. ಎದೆ ತೆರೆಯದೆ ಹೊರಗಿನಿಂದಲೇ ಶಾಕ್ ಕೊಟ್ಟು ಹೃದಯವನ್ನು ಲಯಕ್ಕೆ ತರುವ ಯಂತ್ರ (ಡಿಫಿಬ್ರಿಲೇಟರ್) ಅವರ ಗುರಿ. ನಾಯಿಗಳ ಮೇಲಿನ ಪ್ರಯೋಗದಲ್ಲಿ ಭಾರದ ವಿದ್ಯುದ್ವಾರಗಳನ್ನು ಎದೆಗೆ ಒತ್ತಿ ಹಿಡಿದಾಗಲೇ, ಶಾಕ್ ಕೊಡುವ ಮೊದಲೇ, ರಕ್ತದೊತ್ತಡ ಏರುವುದು ಶಿಷ್ಯ ಗೈ ನಿಕರ್‌ಬಾಕರ್ ಕಣ್ಣಿಗೆ ಬಿತ್ತು. ಎದೆ ಒತ್ತುವ ಈ ಕ್ರಮವನ್ನು ಶಸ್ತ್ರವೈದ್ಯ ಜೇಮ್ಸ್ ಜೂಡ್ ಮನುಷ್ಯರಿಗೆ ಹೊಂದಿಸಿದರು. 1960ರ ಜುಲೈನಲ್ಲಿ ಮೂವರೂ ಸೇರಿ ಪ್ರಕಟಿಸಿದ ಲೇಖನದಲ್ಲಿ 20 ರೋಗಿಗಳ ವಿವರವಿತ್ತು, ಅವರಲ್ಲಿ 14 ಮಂದಿ ಬದುಕಿದ್ದರು. ಬಾಯಿಗೆ ಬಾಯಿಟ್ಟು ಉಸಿರು ತುಂಬುವ ಕ್ರಮವನ್ನು ಜೇಮ್ಸ್ ಇಲಾಮ್, ಪೀಟರ್ ಸಫಾರ್ ಅದಾಗಲೇ ಸಾಬೀತುಪಡಿಸಿದ್ದರು. ಎರಡೂ ಸೇರಿ ಇಂದಿನ ಸಿಪಿಆರ್ ಆಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಹೃದಯಾಘಾತ, ಅಂದರೆ ಹಾರ್ಟ್ ಅಟ್ಯಾಕ್, ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು. ರೋಗಿಗೆ ಎದೆನೋವು ಇರುತ್ತದೆ, ಸಾಮಾನ್ಯವಾಗಿ ಪ್ರಜ್ಞೆಯೂ ಇರುತ್ತದೆ. ಹೃದಯಸ್ತಂಭನದಲ್ಲಿ ಹೃದಯ ಲಯ ತಪ್ಪಿ ಅದುರುತ್ತದೆ ಇಲ್ಲವೇ ಪೂರ್ತಿ ಸ್ತಬ್ಧವಾಗುತ್ತದೆ, ರಕ್ತ ಮುಂದಕ್ಕೆ ಹೋಗುವುದಿಲ್ಲ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಎರಡೂ ಒಂದೇ ಅಲ್ಲ. ದಿನಪತ್ರಿಕೆಗಳು ಎರಡಕ್ಕೂ ಒಂದೇ ಪದ ಬಳಸುವುದರಿಂದ ಮೆದುಳಿನ ಪ್ರಶ್ನೆ ಓದುಗರ ಕಣ್ಣಿಗೆ ಬೀಳುವುದೇ ಇಲ್ಲ. ರಕ್ತ ನಿಂತ ಹತ್ತು-ಹದಿನೈದು ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಇರುವ ಮೆದುಳು ಆಮ್ಲಜನಕದಲ್ಲಿ ಐದನೇ ಒಂದು ಪಾಲನ್ನು ತಾನೇ ಬಳಸಿಕೊಳ್ಳುತ್ತದೆ, ಕೂಡಿಟ್ಟುಕೊಳ್ಳುವುದು ಮಾತ್ರ ಏನೂ ಇಲ್ಲ. ನಾಲ್ಕೈದು ನಿಮಿಷ ಕಳೆದರೆ ಜೀವಕೋಶಗಳಿಗೆ ಶಾಶ್ವತ ಹಾನಿ ಆರಂಭ.

ಎಲ್ಲ ಭಾಗಗಳಿಗೂ ಸಮನಾಗಿ ಅಲ್ಲ. ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್, ಚಲನೆಯ ಹದ ಕಾಯುವ ಕಿರುಮೆದುಳು, ಥಲಾಮಸ್, ಹೊರಪದರದ ಕೆಲವು ಪಟ್ಟಿಗಳು ಮೊದಲು ಸೋಲುತ್ತವೆ. ಹಿಪೊಕ್ಯಾಂಪಸ್‌ನ ಕೋಶಗಳಂತೂ ರಕ್ತ ಮರಳಿದ ಕೂಡಲೇ ಸಾಯುವುದಿಲ್ಲ, ಎರಡು ಮೂರು ದಿನ ಬಿಟ್ಟು ಸಾಯುತ್ತವೆ. ಜಪಾನಿನ ಟಕಾಕಿ ಕಿರಿನೊ 1982ರಲ್ಲಿ ಜರ್ಬಿಲ್ ಎಂಬ ಪುಟ್ಟ ಇಲಿಗಳಲ್ಲಿ ಇದನ್ನು ತೋರಿಸಿದರು. ಹೃದಯ ಸರಿಹೋಯಿತು ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಮೆದುಳಿನ ನಷ್ಟ ಇನ್ನೂ ನಡೆಯುತ್ತಲೇ ಇರುತ್ತದೆ ಎಂಬುದು ಇದರ ಅರ್ಥ.

ಸಫಾರ್‌ಗೆ ಇದು ಬಹಳ ಬೇಗ ಹೊಳೆದಿತ್ತು. 1966ರಲ್ಲಿ ಅವರ ಮಗಳು ಆಸ್ತಮಾದ ತೀವ್ರ ದಾಳಿಯಲ್ಲಿ ತೀರಿಕೊಂಡಳು. ಹೃದಯ ಮರಳಿತ್ತು, ಮೆದುಳು ಮರಳಿರಲಿಲ್ಲ. ಸಿಪಿಆರ್ ಎಂಬ ಹೆಸರಿನ ನಡುವೆ ಮೆದುಳನ್ನೂ ಸೇರಿಸಬೇಕೆಂದು ಅವರು ಆಮೇಲೆ ಜೀವನವಿಡೀ ವಾದಿಸಿದರು. ಹೆಸರು ಬದಲಾಗಲಿಲ್ಲ. ಸೋವಿಯತ್ ದೇಶದ ವ್ಲಾದಿಮಿರ್ ನೆಗೋವ್ಸ್ಕಿ ಮರಳಿ ಬಂದವರ ಸ್ಥಿತಿಯನ್ನೇ ಒಂದು ಸ್ವತಂತ್ರ ಕಾಯಿಲೆಯೆಂದು 1970ರ ದಶಕದಲ್ಲಿ ಹೇಳಿದರು. ಪಶ್ಚಿಮದಲ್ಲಿ ಅದನ್ನು ಕಿವಿಗೆ ಹಾಕಿಕೊಂಡವರು ಕಡಿಮೆ.

ಅಮೆರಿಕದಲ್ಲಿ ಗಮನವೆಲ್ಲ ವೇಗದ ಮೇಲಿತ್ತು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಫ್ರಾಂಕ್ ಪ್ಯಾಂಟ್ರಿಜ್ 1966ರಲ್ಲಿ ಡಿಫಿಬ್ರಿಲೇಟರನ್ನು ಆಂಬುಲೆನ್ಸ್‌ಗೆ ಏರಿಸಿದ್ದರು. ಎರಡು ವರ್ಷದ ಮೇಲೆ ನ್ಯೂಯಾರ್ಕಿನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಗ್ರೇಸ್ ಅದೇ ಮಾದರಿಯ ಸಂಚಾರಿ ಹೃದಯ ಘಟಕ ಶುರುಮಾಡಿದರು. ಜಾನ್ಸನ್ ಕುಟುಂಬದ ಸಂಪತ್ತಿನಿಂದ ಬೆಳೆದ, ಮಾನ್ಮತ್ ಜಂಕ್ಷನ್‌ಗೆ ಕೂಗಳತೆಯ ಪ್ರಿನ್ಸ್‌ಟನ್‌ನ ರಾಬರ್ಟ್ ವುಡ್ ಜಾನ್ಸನ್ ಫೌಂಡೇಶನ್ 1970ರ ದಶಕದಲ್ಲಿ ಒಂದೂವರೆ ಕೋಟಿ ಡಾಲರ್ ಕೊಟ್ಟು ದೇಶದ 44 ಪ್ರದೇಶಗಳಲ್ಲಿ ತುರ್ತುಸೇವೆಯ ಜಾಲ ಕಟ್ಟಿಸಿತು. ನ್ಯೂಜೆರ್ಸಿ ತನ್ನದೇ ಎರಡು ಹಂತದ ವ್ಯವಸ್ಥೆ ಮಾಡಿಕೊಂಡಿತು: ಮೊದಲು ಓಡಿ ಬಂದು ಎದೆ ಒತ್ತುವವರು ಊರಿನ ಸ್ವಯಂಸೇವಕರು, ಹಿಂದೆಯೇ ಔಷಧ ಮತ್ತು ಯಂತ್ರ ಹೊತ್ತು ಬರುವವರು ಆಸ್ಪತ್ರೆಗೆ ಸೇರಿದ ಪ್ಯಾರಾಮೆಡಿಕ್‌ಗಳು. ಬದುಕಿ ಬರುವವರ ಸಂಖ್ಯೆ ಹೆಚ್ಚಿತು. ಬದುಕಿಯೂ ಎಚ್ಚರಾಗದವರ ಸಂಖ್ಯೆಯೂ.

ಎಚ್ಚರಾಗದವರನ್ನು ವರ್ಗೀಕರಿಸಿದವರಲ್ಲಿ ಮುಖ್ಯರು ನ್ಯೂಯಾರ್ಕ್ ಆಸ್ಪತ್ರೆಯ ನರವೈದ್ಯ ಫ್ರೆಡ್ ಪ್ಲಮ್. ಕಣ್ಣು ತೆರೆದು, ನಿದ್ದೆ ಎಚ್ಚರಗಳ ಚಕ್ರ ನಡೆಯುತ್ತ, ಆದರೆ ತನ್ನ ಮತ್ತು ಜಗತ್ತಿನ ಅರಿವೇ ಇಲ್ಲದ ಸ್ಥಿತಿಗೆ ಅವರೂ ಗ್ಲ್ಯಾಸ್ಗೋದ ಬ್ರಯನ್ ಜೆನೆಟ್ಟರೂ 1972ರಲ್ಲಿ ‘ಪರ್ಸಿಸ್ಟೆಂಟ್ ವೆಜಿಟೇಟಿವ್ ಸ್ಟೇಟ್’ ಎಂದು ಹೆಸರಿಟ್ಟರು. ಮೂರೇ ವರ್ಷದಲ್ಲಿ ಆ ಹೆಸರು ನ್ಯೂಜೆರ್ಸಿಯ ನ್ಯಾಯಾಲಯದಲ್ಲಿ ಮೊಳಗಿತು.

1975ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ 21 ವರ್ಷದ ಕ್ಯಾರೆನ್ ಆನ್ ಕ್ವಿನ್ಲನ್ ಕುಸಿದು ಬಿದ್ದಳು. ಎರಡು ಸಲ, ಸುಮಾರು ಹದಿನೈದು ನಿಮಿಷಗಳಂತೆ, ಅವಳ ಉಸಿರು ನಿಂತಿತ್ತು.  ಮೆದುಳಿಗೆ ಸಿಗದೆ ಹೋದದ್ದು ಅದೇ ಆಮ್ಲಜನಕ. ಉಸಿರಾಟದ ಯಂತ್ರ ತೆಗೆಯಿರಿ ಎಂದು ತಂದೆತಾಯಿ ಕೇಳಿದರು. ವೈದ್ಯರು ಒಪ್ಪಲಿಲ್ಲ. ಪ್ಲಮ್ ಅವಳನ್ನು ಪರೀಕ್ಷಿಸಿ ಸಾಕ್ಷ್ಯ ನುಡಿದರು. ಕೆಳಗಿನ ಕೋರ್ಟು ತಂದೆತಾಯಿಯ ವಿರುದ್ಧ ತೀರ್ಪಿತ್ತಿತು. 1976ರ ಮಾರ್ಚ್ 31ರಂದು ಮುಖ್ಯ ನ್ಯಾಯಮೂರ್ತಿ ರಿಚರ್ಡ್ ಹ್ಯೂಸ್ ನೇತೃತ್ವದ ನ್ಯೂಜೆರ್ಸಿ ಸುಪ್ರೀಂ ಕೋರ್ಟು ಒಮ್ಮತದಿಂದ ಅದನ್ನು ತಿರುವಿಹಾಕಿತು: ಚೇತರಿಸುವ ಆಸೆ ಇಲ್ಲದ ರೋಗಿಯ ಪರವಾಗಿ ಯಂತ್ರ ನಿರಾಕರಿಸುವ ಹಕ್ಕು ಪೋಷಕರಿಗಿದೆ, ಆಸ್ಪತ್ರೆಯ ನೀತಿಸಮಿತಿಯೊಂದು ಅದನ್ನು ಪರಿಶೀಲಿಸಲಿ. ಅಮೆರಿಕದ ಆಸ್ಪತ್ರೆಗಳಲ್ಲಿ ಎಥಿಕ್ಸ್ ಕಮಿಟಿಗಳು ಹೆಚ್ಚತೊಡಗಿದ್ದು ಈ ತೀರ್ಪಿನಿಂದ.

ಯಂತ್ರ ತೆಗೆದ ಮೇಲೆ ಕ್ಯಾರೆನ್ ಸಾಯಲಿಲ್ಲ. ತಾನೇ ಉಸಿರಾಡುತ್ತ ನರ್ಸಿಂಗ್ ಹೋಮಿನಲ್ಲಿ ಒಂಬತ್ತು ವರ್ಷ ಮಲಗಿದ್ದು 1985ರ ಜೂನ್‌ನಲ್ಲಿ ತೀರಿಕೊಂಡಳು. ಅವಳ ಮೆದುಳಿನ ಪರೀಕ್ಷೆಯ ವಿವರ 1994ರಲ್ಲಿ ಪ್ರಕಟವಾದಾಗ ನರವೈದ್ಯರು ಬೆರಗಾದರು. ಹೊರಪದರವೇ ಹೆಚ್ಚು ಹಾಳಾಗಿರುತ್ತದೆ ಎಂದುಕೊಂಡಿದ್ದರು. ಅತಿ ತೀವ್ರವಾಗಿ ನಾಶವಾಗಿದ್ದದ್ದು ಒಳಗಿನ ಥಲಾಮಸ್. ಅರಿವು ಎಂಬುದು ಮೆದುಳಿನ ಯಾವುದೋ ಒಂದು ಕೋಣೆಯಲ್ಲಿಲ್ಲ, ಕೋಣೆಗಳ ನಡುವಿನ ಸಂಪರ್ಕದಲ್ಲಿದೆ ಎಂಬ ವಾದಕ್ಕೆ ಇದರಿಂದ ಬಲ ಬಂತು.

ಕ್ವಿನ್ಲನ್ ಪ್ರಕರಣದ ಉಲ್ಲೇಖ ಭಾರತದಲ್ಲೂ ಬಂತು, ಉತ್ತರ ಕನ್ನಡದ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ್ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್‌ನಲ್ಲಿ ಅಲ್ಲಿನ ಕೆಲಸಗಾರನೊಬ್ಬ ಅವರ ಮೇಲೆ ದೌರ್ಜನ್ಯವೆಸಗುತ್ತ ಕತ್ತಿಗೆ ಸರಪಳಿ ಬಿಗಿದ. ಮೆದುಳಿಗೆ ರಕ್ತ ಹೋಗುವುದು ನಿಂತಿತು. ಅವರು ಮತ್ತೆ ಮೊದಲಿನಂತಾಗಲಿಲ್ಲ. ಅದೇ ಆಸ್ಪತ್ರೆಯ ದಾದಿಯರು ತಲೆಮಾರು ದಾಟಿ, 42 ವರ್ಷ, ಅವರನ್ನು ನೋಡಿಕೊಂಡರು. ಇಂಥ ಆರೈಕೆಗೆ ಜಗತ್ತಿನಲ್ಲಿ ಸಾಟಿ ಹುಡುಕುವುದು ಕಷ್ಟ. ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯ ಮೇಲೆ 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅರುಣಾ ಅವರ ಆಹಾರ ನಿಲ್ಲಿಸಲು ಒಪ್ಪಲಿಲ್ಲ, ಆದರೆ ಹೈಕೋರ್ಟಿನ ಮೇಲ್ವಿಚಾರಣೆಯಲ್ಲಿ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯುವ ದಾರಿ ತೆರೆಯಿತು. ಪರದೇಶಗಳ ಕಾನೂನಿನ ಪರಾಮರ್ಶೆಯಲ್ಲಿ ನ್ಯೂಜೆರ್ಸಿಯ ಪ್ರಕರಣವೂ ಬಂದುಹೋಯಿತು. ಅರುಣಾ 2015ರ ಮೇ 18ರಂದು ತೀರಿಕೊಂಡರು. 2018ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕನ್ನು ಇನ್ನಷ್ಟು ಸ್ಪಷ್ಟಪಡಿಸಿತು; ಅದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರುವ ಸುತ್ತೋಲೆಯನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು.

ನ್ಯೂಜೆರ್ಸಿ ಅಷ್ಟಕ್ಕೆ ನಿಲ್ಲಲಿಲ್ಲ. ಮೆದುಳು ಪೂರ್ತಿ ಸತ್ತರೆ ಮನುಷ್ಯ ಸತ್ತಂತೆ ಎಂಬ ತತ್ವವನ್ನು 1991ರ ಕಾಯ್ದೆಯಲ್ಲಿ ಒಪ್ಪಿಕೊಳ್ಳುವಾಗ ಅದು ಬೇರೆ ಯಾವ ಅಮೆರಿಕನ್ ರಾಜ್ಯವೂ ಇಡದ ಒಂದು ವಿನಾಯಿತಿ ಇಟ್ಟಿತು: ರೋಗಿಯ ಧಾರ್ಮಿಕ ನಂಬಿಕೆ ಅದನ್ನು ಒಪ್ಪದಿದ್ದರೆ ಹೃದಯ ನಿಲ್ಲುವ ತನಕ ಸಾವು ಘೋಷಿಸುವಂತಿಲ್ಲ. ಸಂಪ್ರದಾಯಸ್ಥ ಯಹೂದಿಗಳ ಒತ್ತಾಯ ಇದರ ಹಿಂದಿತ್ತು. ಈ ವಿನಾಯಿತಿಯ ಕಾರಣದಿಂದಲೇ 2014ರ ಜನವರಿಯಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಹೃದಯಸ್ತಂಭನವಾಗಿ ಕ್ಯಾಲಿಫೋರ್ನಿಯಾದಲ್ಲಿ ಸತ್ತಳೆಂದು ದಾಖಲಾಗಿದ್ದ 13 ವರ್ಷದ ಹುಡುಗಿಯೊಬ್ಬಳನ್ನು ನ್ಯೂಬ್ರನ್ಸ್‌ವಿಕ್‌ನ ಆಸ್ಪತ್ರೆಗೆ ತರಲಾಯಿತು. ಒಂದು ರಾಜ್ಯದಲ್ಲಿ ಮರಣಪತ್ರ ಪಡೆದವಳು ಇನ್ನೊಂದು ರಾಜ್ಯದಲ್ಲಿ ಕಾನೂನಿನ ಪ್ರಕಾರ 2018ರ ತನಕ ಬದುಕಿದ್ದಳು.

ಬದುಕಿದೆಯೋ ಇಲ್ಲವೋ ಎಂಬ ಈ ಜಗಳದ ಗದ್ದಲದಲ್ಲಿ, ಎರಡರ ನಡುವಿನ ಸ್ಥಿತಿಗಳನ್ನು ಸದ್ದಿಲ್ಲದೆ ಅಳೆಯುವ ಕೆಲಸ ಎಡಿಸನ್‌ನಲ್ಲಿ ನಡೆಯುತ್ತಿತ್ತು. ಅಲ್ಲಿನ ಜೆಎಫ್‌ಕೆ ಜಾನ್ಸನ್ ಪುನಶ್ಚೇತನ ಸಂಸ್ಥೆಯಲ್ಲಿ ಜೋಸೆಫ್ ಜಿಯಾಚಿನೊ, ಕ್ಯಾಥ್ಲೀನ್ ಕಾಲ್ಮಾರ್ ಮತ್ತು ಜೊತೆಗಾರರು 1991ರಲ್ಲಿ ಒಂದು ಅಳತೆಪಟ್ಟಿ ಪ್ರಕಟಿಸಿದರು, 2004ರಲ್ಲಿ ಅದನ್ನು ಪರಿಷ್ಕರಿಸಿದರು. ‘ಜೆಎಫ್‌ಕೆ ಕೋಮಾ ರಿಕವರಿ ಸ್ಕೇಲ್’ ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಕೇಳುವಿಕೆ, ನೋಟ, ಚಲನೆ, ಬಾಯಿಯ ಕ್ರಿಯೆ, ಸಂವಹನ, ಎಚ್ಚರ ಎಂಬ ಆರು ವಿಭಾಗ, ಒಟ್ಟು 23 ಅಂಕ.

ಪರೀಕ್ಷೆ ನೋಡಲು ತೀರ ಸರಳ. ಮುಖದ ಮುಂದೆ ಕೈಗನ್ನಡಿ ಹಿಡಿದು ನಿಧಾನವಾಗಿ ಬಲಕ್ಕೆ, ಎಡಕ್ಕೆ, ಮೇಲೆ, ಕೆಳಗೆ ಸರಿಸುತ್ತಾರೆ. ಕಣ್ಣು ಅದರ ಹಿಂದೆ ಹೋಗುತ್ತದೆಯೇ? ಎರಡು ವಸ್ತು ತೋರಿಸಿ ಒಂದನ್ನು ನೋಡಲು ಹೇಳುತ್ತಾರೆ. ಬಾಚಣಿಗೆ ಕೊಟ್ಟು ಬಳಸಿ ತೋರಿಸಲು ಹೇಳುತ್ತಾರೆ, ಲೋಟ ಕೊಟ್ಟು ಹಾಗೆಯೇ. ಬಾಚಣಿಗೆ ತಲೆಯ ಕಡೆಗೆ, ಲೋಟ ಬಾಯಿಯ ಕಡೆಗೆ ಹೋದರೆ ಆ ರೋಗಿಯ ವರ್ಗವೇ ಬದಲಾಗುತ್ತದೆ. ಕನ್ನಡಿಯಲ್ಲಿ ತನ್ನ ಮುಖ ಕಂಡಾಗ ಕಣ್ಣು ಚಲಿಸುವುದನ್ನು ಸಾಧಾರಣ ತಪಾಸಣೆ ಗಮನಿಸದೆ ಹೋದದ್ದಿದೆ. ಬೇರೆ ವಸ್ತುವಿಗೆ ಸ್ಪಂದಿಸದ ಕಣ್ಣು ಸ್ವಂತ ಮುಖಕ್ಕೆ ಸ್ಪಂದಿಸುವುದುಂಟು. ಹೀಗೆ ಅರಿವಿನ ಸಣ್ಣ, ಬಂದು ಹೋಗುವ ಕುರುಹುಗಳಿರುವವರನ್ನು ಪ್ರತ್ಯೇಕಿಸಿ ‘ಮಿನಿಮಲಿ ಕಾನ್ಷಸ್ ಸ್ಟೇಟ್’ ಎಂಬ ಹೊಸ ವರ್ಗವನ್ನು ಜಿಯಾಚಿನೊ ಮತ್ತು ತಜ್ಞರ ತಂಡ 2002ರಲ್ಲಿ ವ್ಯಾಖ್ಯಾನಿಸಿತು. ಕೋಮಾ ಎಂದು ಒಂದೇ ಮೂಟೆಯಲ್ಲಿ ಕಟ್ಟಿಡುತ್ತಿದ್ದವರನ್ನು ಬಿಡಿಬಿಡಿಯಾಗಿ ನೋಡುವ ಅಭ್ಯಾಸ ಶುರುವಾಯಿತು.

ಮೆದುಳನ್ನು ಕಾಪಾಡುವ ಚಿಕಿತ್ಸೆಗಳ ಇತಿಹಾಸ ಬಹುಪಾಲು ನಿರಾಸೆಗಳದ್ದು. ಮೆದುಳಿನ ಕೆಲಸ ತಗ್ಗಿಸಿ ಉಳಿಸಬಹುದೆಂದು ಥಯೋಪೆಂಟಾಲ್ ಕೊಟ್ಟು ನೋಡಿದ ದೊಡ್ಡ ಪ್ರಯೋಗ 1986ರಲ್ಲಿ ವಿಫಲವಾಯಿತು. 2002ರಲ್ಲಿ ವಿಯೆನ್ನಾದಿಂದ ಮುನ್ನಡೆದ ಯುರೋಪಿನ ಪ್ರಯೋಗ ಮತ್ತು ಮೆಲ್ಬರ್ನ್‌ನ ಪ್ರಯೋಗ ಒಂದೇ ಸಂಚಿಕೆಯಲ್ಲಿ ಪ್ರಕಟವಾದವು: ದೇಹವನ್ನು 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಂಪುಮಾಡಿದರೆ ಚೆನ್ನಾಗಿ ಚೇತರಿಸುವವರು ಹೆಚ್ಚು. ಯುರೋಪಿನ ಪ್ರಯೋಗದಲ್ಲಿ ತಂಪು ಪಡೆದವರಲ್ಲಿ ನೂರಕ್ಕೆ 55, ಉಳಿದವರಲ್ಲಿ 39. ನ್ಯೂಯಾರ್ಕ್ ನಗರ 2009ರಿಂದ ಹೃದಯಸ್ತಂಭನದ ರೋಗಿಗಳನ್ನು ತಂಪು ಚಿಕಿತ್ಸೆ ಇರುವ ಆಸ್ಪತ್ರೆಗಳಿಗೇ ಒಯ್ಯುವಂತೆ ಆಂಬುಲೆನ್ಸ್‌ಗಳಿಗೆ ಸೂಚಿಸಿತು. ಆಮೇಲೆ 2013ರ ಪ್ರಯೋಗ 33ಕ್ಕೂ 36ಕ್ಕೂ ವ್ಯತ್ಯಾಸ ಕಾಣಲಿಲ್ಲ. 2021ರ ಇನ್ನೂ ದೊಡ್ಡ ಪ್ರಯೋಗ ತಂಪು ಮಾಡುವುದಕ್ಕೂ ಜ್ವರ ಬಾರದಂತೆ ತಡೆಯುವುದಕ್ಕೂ ವ್ಯತ್ಯಾಸ ಕಾಣಲಿಲ್ಲ. ಇಂದು ಒತ್ತು ಇರುವುದು ಜ್ವರ ತಡೆಯುವುದಕ್ಕೆ. ಮಾನ್ಮತ್ ಜಂಕ್ಷನ್ ಕೂಡ ಈ ಅಧ್ಯಾಯದಲ್ಲಿ ಒಂದು ಅಡಿಟಿಪ್ಪಣಿ ಬರೆದಿದೆ. ಅಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಸೈಟೊಸೋರ್ಬೆಂಟ್ಸ್ ಕಂಪನಿ ರಕ್ತದಿಂದ ಉರಿಯೂತದ ಕಣಗಳನ್ನು ಹೀರುವ ಪಾಲಿಮರ್ ಮಣಿಗಳ ಶೋಧಕವನ್ನು ರೂಪಿಸಿತು. 2011ರಲ್ಲಿ ಯುರೋಪಿನಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಹೃದಯಸ್ತಂಭನದ ರೋಗಿಗಳ ಮೇಲೆ ಜರ್ಮನಿಯ ಫ್ರೈಬರ್ಗ್‌ನಲ್ಲಿ ಅದನ್ನು ಪರೀಕ್ಷಿಸಿದಾಗ ನಿರೀಕ್ಷಿಸಿದ ಪ್ರಯೋಜನ ಕಾಣಲಿಲ್ಲ.

ಇಷ್ಟೆಲ್ಲ ಪ್ರಯೋಗಗಳು ‘ಒಳ್ಳೆಯ ಚೇತರಿಕೆ’ ಎಂದು ಎಣಿಸಿದ್ದಾದರೂ ಯಾವುದನ್ನು? ಗ್ಲ್ಯಾಸ್ಗೋದಲ್ಲಿ ರೂಪುಗೊಂಡ ಚೇತರಿಕೆಯ ಪಟ್ಟಿಯಿಂದ ಹುಟ್ಟಿದ ಐದು ದರ್ಜೆಗಳ ಒಂದು ಅಳತೆಗೋಲು ದಶಕಗಳಿಂದ ಬಳಕೆಯಲ್ಲಿದೆ. ಮೊದಲೆರಡು ದರ್ಜೆ ಒಳ್ಳೆಯದು. ತನ್ನ ದಿನಚರಿ ತಾನು ನಡೆಸಿಕೊಂಡರೆ ಸಾಕು. ಎಸ್ಸೆಸ್ಸೆಲ್ಸಿಯಲ್ಲಿ 35 ತೆಗೆದವನೂ 95 ತೆಗೆದವನೂ ಪಾಸಾದವರ ಪಟ್ಟಿಯಲ್ಲಿ ಒಟ್ಟಿಗೆ ನಿಂತ ಹಾಗೆ, ಮೊದಲಿನಂತೆ ಕೆಲಸಕ್ಕೆ ಹೋಗುವ ಎಂಜಿನಿಯರನೂ, ಸ್ನಾನ ಊಟ ಮಾಡಿಕೊಂಡರೂ ಒಲೆಯ ಮೇಲಿಟ್ಟ ಹಾಲು ಮರೆಯುವವನೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತರು. ನೆನಪಿನ ನಷ್ಟ ಕೋಷ್ಟಕಗಳಲ್ಲಿ ಕಾಣದೆ ಹೋದದ್ದಕ್ಕೆ ಅಳತೆಗೋಲಿನ ಈ ಒರಟುತನ ದೊಡ್ಡ ಕಾರಣ.

1996ರಲ್ಲಿ ಎಡಿನ್‌ಬರೋದ ನೀಲ್ ಗ್ರಬ್ ಮತ್ತು ಜೊತೆಗಾರರು ಆಸ್ಪತ್ರೆಯ ಹೊರಗೆ ಹೃದಯ ನಿಂತು ಬದುಕಿದ 35 ಮಂದಿಯ ಸ್ಮರಣೆಯನ್ನು ವಿವರವಾಗಿ ಪರೀಕ್ಷಿಸಿದರು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮಧ್ಯಮ ಅಥವಾ ತೀವ್ರ ದೋಷವಿತ್ತು. ಹೃದಯ ನಿಲ್ಲದೆ ಬರೀ ಹೃದಯಾಘಾತವಾದವರಲ್ಲಿ ಅಂಥ ದೋಷ ಇರಲಿಲ್ಲ. 2013ರ ತಂಪು ಪ್ರಯೋಗದಲ್ಲಿ ಬದುಕಿದವರನ್ನು ಸ್ವೀಡನ್ನಿನ ಗಿಸೆಲಾ ಲಿಲ್ಯಾ ತಂಡ ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಜನರಲ್ಲಿ ಅರಿವಿನ ಕುಂದು ಕಂಡಿತು. ಹೃದಯಾಘಾತದವರಲ್ಲೂ ಕುಂದು ಕಾಣಿಸಿದ್ದು ಗಮನಿಸಬೇಕಾದ ಮಾತು. ಹೃದಯ ನಿಂತವರು ವಿಶೇಷವಾಗಿ ಹಿಂದೆ ಬಿದ್ದದ್ದು ಗಮನ ಮತ್ತು ಯೋಚನೆಯ ವೇಗದಲ್ಲಿ. ಹೃದಯಾಘಾತದ ನಂತರ ಅರಿವು ಒಮ್ಮೆಗೇ ಕುಸಿಯುವುದಿಲ್ಲ, ಮುಂದಿನ ವರ್ಷಗಳಲ್ಲಿ ಇಳಿಕೆಯ ವೇಗ ಹೆಚ್ಚುತ್ತದೆ ಎಂದು 30 ಸಾವಿರಕ್ಕೂ ಹೆಚ್ಚು ಮಂದಿಯ ಮಾಹಿತಿ ಸೇರಿಸಿದ ಅಮೆರಿಕನ್ ಅಧ್ಯಯನವೊಂದು 2023ರಲ್ಲಿ ತಿಳಿಸಿತು. ಅಂದಮೇಲೆ ಎದೆಯ ಕಾಯಿಲೆಯೇ ಮೆದುಳನ್ನು ಸವೆಸುತ್ತದೆ; ಸ್ತಂಭನದ ಆ ಕೆಲವು ನಿಮಿಷಗಳ ಪೆಟ್ಟು ಅದರ ಮೇಲೆ ಬರೆ.

ಮನಸ್ಸಿನ ಪೆಟ್ಟು ಬೇರೆಯದೇ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ನರವೈದ್ಯ ಸಚಿನ್ ಅಗರ್‌ವಾಲ್ ಮತ್ತು ಸಂಗಡಿಗರು ಬದುಕಿದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಆಸ್ಪತ್ರೆ ಬಿಡುವ ಹೊತ್ತಿಗೇ ಆಘಾತೋತ್ತರ ಒತ್ತಡದ ಲಕ್ಷಣಗಳಿರುವುದನ್ನು 2019ರಲ್ಲಿ ವರದಿ ಮಾಡಿದರು. 2020ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ತನ್ನ ‘ಬದುಕಿನ ಸರಪಳಿ’ಗೆ ಆರನೇ ಕೊಂಡಿಯಾಗಿ ಚೇತರಿಕೆಯನ್ನು ಸೇರಿಸಿತು, ಮನೆಗೆ ಕಳಿಸುವ ಮುನ್ನ ಆತಂಕ, ಖಿನ್ನತೆ, ದಣಿವುಗಳ ತಪಾಸಣೆ ಮತ್ತು ಪುನಶ್ಚೇತನದ ಯೋಜನೆ ಇರಬೇಕೆಂದಿತು. ಸಿಪಿಆರ್ ಹುಟ್ಟಿ ಆಗ 60 ವರ್ಷ.

ಮಾನ್ಮತ್ ಜಂಕ್ಷನ್‌ನ ಈಗಿನ ನಿವಾಸಿಗಳಿಗೆ ಈ ವಿಷಯ ಹತ್ತಿರದ್ದು. ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಬೇಗ ಬರುತ್ತದೆ, ಹೆಚ್ಚಾಗಿ ಬರುತ್ತದೆ. ಅಮೆರಿಕದಲ್ಲಿ ಆಸ್ಪತ್ರೆಯ ಹೊರಗೆ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಂದಿಗೆ ಹೃದಯಸ್ತಂಭನವಾಗುತ್ತದೆ, ಉಳಿಯುವವರು ಹತ್ತರಲ್ಲಿ ಒಬ್ಬರ ಸುಮಾರು. ಬಹುಪಾಲು ನಡೆಯುವುದು ಮನೆಯಲ್ಲೇ. ಶಾಲೆಗಳಲ್ಲಿ ಡಿಫಿಬ್ರಿಲೇಟರ್ ಕಡ್ಡಾಯ ಮಾಡುವ ಕಾನೂನು, ಹೈಸ್ಕೂಲಿನಲ್ಲಿ ಸಿಪಿಆರ್ ಪಾಠ ಕಡ್ಡಾಯ ಮಾಡುವ ಕಾನೂನು ನ್ಯೂಜೆರ್ಸಿಯಲ್ಲಿ 2014ರ ಹೊತ್ತಿಗೆ ಬಂದುದರಿಂದ, ಅನೇಕ ಮನೆಗಳಲ್ಲಿ ಎದೆ ಒತ್ತಲು ಬರುವುದು ಹೈಸ್ಕೂಲು ಹುಡುಗ ಹುಡುಗಿಯರಿಗೆ ಮಾತ್ರ. ಕರ್ನಾಟಕದಲ್ಲಿ ಇಂಥ ಎಚ್ಚರ ಹುಟ್ಟಿದ್ದು 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ 2023ರಲ್ಲಿ ಬಂತು.

ಬದುಕಿ ಮನೆಗೆ ಬಂದವರ ಮರೆವನ್ನು ಗುರುತಿಸುವುದರಲ್ಲಿ ಕನ್ನಡ ಮನೆಗಳಿಗೆ ತಮ್ಮದೇ ತೊಡಕುಗಳಿವೆ. ಮಕ್ಕಳ ಮನೆಗೆ ಬಂದ ಹಿರಿಯರಾದರೆ, ಹೆಸರು ತಡಕಾಡುವುದು, ಹೇಳಿದ್ದನ್ನೇ ಹೇಳುವುದು, ಸಣ್ಣದಕ್ಕೆ ಸಿಡುಕುವುದು ಎಲ್ಲವೂ ಅರಳುಮರುಳಿನ ಲೆಕ್ಕಕ್ಕೆ ಹೋಗುತ್ತದೆ. ‘ಹಾರ್ಟ್ ಸರಿಯಾಗಿದೆಯಂತೆ, ಆದರೆ ಮೊದಲಿನ ಹಾಗಿಲ್ಲ’ ಎಂದು ಹೇಳಿ ಸುಮ್ಮನಾಗುತ್ತಾರೆ. ದುಡಿಯುವ ವಯಸ್ಸಿನವರಾದರೆ ಮಾತುಕತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಒಂದೇ ಹೊತ್ತಿಗೆ ಎರಡು ಕೆಲಸ ನಿಭಾಯಿಸಬೇಕಾದಾಗ ತೊಡಕು ಬಯಲಾಗುತ್ತದೆ. ಪ್ರವಾಸಿ ವಿಮೆಯ ಮೇಲೆ ಬಂದವರಿಗೆ ವಾರಗಟ್ಟಲೆಯ ಪುನಶ್ಚೇತನ ಚಿಕಿತ್ಸೆ ಕೈಗೆಟುಕುವುದು ಅಪರೂಪ.

ಪರೀಕ್ಷೆಯೂ ಭಾಷೆಯನ್ನು ನೆಚ್ಚಿಕೊಂಡದ್ದು. ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ನೆನಪಿಸಿಕೊಳ್ಳಲು ಕೇಳುವುದು, ಒಂದೇ ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷ ಹೇಳಿಸುವುದು ಮೊದಲಾದವು ಇಂಗ್ಲಿಷಿನಲ್ಲಿ ನಡೆದರೆ, ತುಮಕೂರಿನಲ್ಲೋ ಧಾರವಾಡದಲ್ಲೋ ಕನ್ನಡದಲ್ಲೇ ಓದಿ ನಿವೃತ್ತರಾದ ಮೇಷ್ಟರ ಅಂಕ ಕಡಿಮೆ ಬರುವುದು ಸಹಜ. ಅದು ಮೆದುಳಿನ ದೋಷವೋ ಭಾಷೆಯದೋ ಎಂದು ಬಿಡಿಸಲಾಗುವುದಿಲ್ಲ. 2005ರಲ್ಲಿ ಮಾಂಟ್ರಿಯಲ್‌ನಲ್ಲಿ ಸಿದ್ಧವಾದ ಮೋಕಾ ಪರೀಕ್ಷೆಗೆ ಕನ್ನಡ ರೂಪವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಿಮ್ಹಾನ್ಸ್‌ನಂಥ ಸಂಸ್ಥೆಗಳ ಜೊತೆಗೂಡಿ ಕನ್ನಡ, ತೆಲುಗು, ಮಲಯಾಳಂ, ಹಿಂದಿ, ಬಂಗಾಳಿ ಈ ಐದು ಭಾಷೆಗಳಲ್ಲಿ ಒಂದು ಪರೀಕ್ಷಾಗುಚ್ಛವನ್ನು ರೂಪಿಸಿ, ಅಲ್ಲಿನವರ ಓದು ಮತ್ತು ಬದುಕಿಗೆ ಹೊಂದಿಸಿ, 2020ರಲ್ಲಿ ಪ್ರಕಟಿಸಿತು. ರೂಟ್ 1ರ ಬದಿಯ ಕ್ಲಿನಿಕ್ಕುಗಳಿಗೆ ಕನ್ನಡ ಬಲ್ಲ ದುಭಾಷಿಯನ್ನು ಫೋನಿನಲ್ಲಿ ಒದಗಿಸುವ ವ್ಯವಸ್ಥೆ ಸಾಧ್ಯವಿದೆ. ಆದರೆ ಪ್ರಶ್ನೆಗಳನ್ನು ಆ ಕ್ಷಣದಲ್ಲಿ ಬಾಯಿಮಾತಿನಲ್ಲಿ ತರ್ಜುಮೆ ಮಾಡುವುದು ಹೀಗೆ ಕಟ್ಟಿ ಪರೀಕ್ಷಿಸಿದ ಗುಚ್ಛಕ್ಕೆ ಸಮನಲ್ಲ. ‘ಬೃಂದಾವನ’ದಂಥ ಕನ್ನಡ ಸಂಘಗಳಿರುವ, ಕನ್ನಡ ಮಾತಾಡುವ ವೈದ್ಯರೂ ಇರುವ ಈ ಸೀಮೆಯಲ್ಲಿ, ಬೆಂಗಳೂರಿನಲ್ಲಿ ಸಿದ್ಧವಿರುವ ಪರೀಕ್ಷೆಯನ್ನೇ ಬಳಸಲು ದೊಡ್ಡ ಅಡ್ಡಿಯೇನೂ ಇಲ್ಲ.